ಸಾಲಗಾರ ಬೀದರ್‌ಗೆ ಬಂದ

ಹೊಸ ವರ್ಷದ ಹಿಂದಿನ ದಿನ ನಮ್ಮ ಸ್ಟುಡಿಯೋದಲ್ಲಿ ಪ್ರತಿ ಸಲ ಅದೇ ಸುದ್ದಿ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಟ್ರಾಫಿಕ್ ಜಾಮ್, ಗೋಕರ್ಣದಲ್ಲಿ ರೂಮ್ ಇಲ್ಲ, ನಂದಿಬೆಟ್ಟಕ್ಕೆ ಪ್ರವೇಶ ಇಲ್ಲ. ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ 'ಮೋಜು ಮಸ್ತಿಗೆ ಮುಗಿಬಿದ್ದ ಜನ'. ಈ ಸಾಲನ್ನ ನಾನೇ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ. ಒಂದು ವರ್ಷವಂತೂ ಸ್ವಲ್ಪ ಒಗ್ಗರಣೆ ಸೇರಿಸಿ, "ಮನೇಲಿ ಕೂರೋಕೆ ಏನ್ರೀ ಕಷ್ಟ ಇವರಿಗೆ?" ಅಂತ ಕೇಳಿಯೂ ಬಿಟ್ಟೆ.

ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಅಪ್ಪನ ಮಿಸ್ಡ್ ಕಾಲ್ ಇತ್ತು. ಅಪ್ಪ ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ರಿಟೈರ್ ಆದವರು. ನನ್ನ ಕಾರ್ಯಕ್ರಮದ ಬಗ್ಗೆ ಸಾಮಾನ್ಯವಾಗಿ ಏನೂ ಹೇಳೋದಿಲ್ಲ. ಅವತ್ತು ಹೇಳಿದರು. "ಅಷ್ಟು ಕಾರಲ್ಲಿ ಕೂತಿದ್ದೋರಲ್ಲಿ ಒಬ್ಬರನ್ನಾದ್ರೂ ಕೇಳಿದ್ಯೇನೋ, ಯಾಕೆ ಬಂದ್ರಿ ಅಂತ?"

ಕೇಳಿರಲಿಲ್ಲ. ಕ್ಯಾಮೆರಾ ಕಾರುಗಳನ್ನ ಎಣಿಸಿತ್ತು, ನಾನು ಆ ಎಣಿಕೆ ಓದಿದ್ದೆ, ಅಷ್ಟೇ.

ಇತಿಹಾಸದ ವಿಷಯದಲ್ಲೂ ನಾವು ಹೀಗೇ ಮಾಡ್ಕೊಂಡು ಬಂದಿದ್ದೀವಿ ಅಂತ ಆಮೇಲೆ ಅನ್ನಿಸಿತು. ಹೈಸ್ಕೂಲಿನಲ್ಲಿ 'ವಿಜಯನಗರಕ್ಕೆ ಭೇಟಿ ನೀಡಿದ ವಿದೇಶಿ ಪ್ರವಾಸಿಗರನ್ನು ಹೆಸರಿಸಿ' ಅನ್ನೋ ಪ್ರಶ್ನೆ ನಿಮಗೂ ಬಂದಿರಬೇಕು. ನಿಕೊಲೊ ಕಾಂಟಿ, ಅಬ್ದುಲ್ ರಜಾಕ್, ಡೊಮಿಂಗೊ ಪಾಯಸ್, ನ್ಯೂನಿಜ್. ಬಂದರು, ನೋಡಿದರು, ನಮ್ಮ ರಾಜರನ್ನ ಹೊಗಳಿದರು. ನಮಗೆ ಬೇಕಾಗಿದ್ದು ಆ ಹೊಗಳಿಕೆ ಮಾತ್ರ. ಅವರು ಮನೆ ಬಿಟ್ಟು ಯಾಕೆ ಹೊರಟರು ಅಂತ ಮೇಷ್ಟ್ರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಬ್ದುಲ್ ರಜಾಕ್‌ನನ್ನೇ ನೋಡಿ. ಹೆರಾತ್‌ನ ದೊರೆ ಶಾರುಖ್ ಕಳಿಸಿದ ರಾಯಭಾರಿ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ ವಿಜಯನಗರ ನೋಡಿದವನು. ಆದರೆ ಮನುಷ್ಯನಿಗೆ ಬರೋಕೆ ಇಷ್ಟವೇ ಇರಲಿಲ್ಲ! ಹೊರ್ಮುಜ್‌ನಲ್ಲಿ ಹಡಗಿನ ವಾಸನೆ ಮೂಗಿಗೆ ಬಡಿದು, ಸಮುದ್ರದ ಭಯಕ್ಕೆ ಮೂರು ದಿನ ಪ್ರಜ್ಞೆ ಇಲ್ಲದೆ ಬಿದ್ದಿದ್ದೆ ಅಂತ ತಾನೇ ಬರೆದುಕೊಂಡಿದ್ದಾನೆ. ದೊರೆಯ ಅಪ್ಪಣೆ, ಬಂದ. ಆಫೀಸಿನವರು ಹೇಳಿದರು ಅಂತ ಬ್ಯಾಗ್ ಹಿಡ್ಕೊಂಡು ಹೊರಡ್ತೀವಲ್ಲ, ಹಾಗೆ.

ಇಬ್ನ್ ಬತೂತನ ಕಥೆ ಇದರ ಉಲ್ಟಾ. 1325ರಲ್ಲಿ ಮೊರಾಕ್ಕೋದ ಟ್ಯಾಂಜಿಯರ್‌ನಿಂದ ಹಜ್ ಯಾತ್ರೆಗೆ ಅಂತ ಒಬ್ಬನೇ ಹೊರಟಾಗ ಅವನಿಗೆ 21 ವರ್ಷ. ನಮ್ಮಲ್ಲಿ ಇಂಜಿನಿಯರಿಂಗ್ ಕೊನೇ ಸೆಮಿಸ್ಟರ್ ವಯಸ್ಸು. ದಾರಿಯಲ್ಲಿ ಜ್ವರ ಬಂದು, ಕೆಳಗೆ ಬೀಳದಿರಲಿ ಅಂತ ರುಮಾಲಿನ ಬಟ್ಟೆಯಿಂದ ತನ್ನನ್ನೇ ಜೀನಿಗೆ ಕಟ್ಟಿಕೊಂಡು ಹೋದ. ಟ್ಯೂನಿಸ್ ತಲುಪಿದಾಗ ಊರಿನವರು ಬಂದು ಜೊತೆಯವರನ್ನೆಲ್ಲ ಮಾತಾಡಿಸಿದರು, ಇವನನ್ನ ಮಾತ್ರ ಯಾರೂ ಕೇಳಲಿಲ್ಲ. ಹುಡುಗ ಅಲ್ಲೇ ಅತ್ತುಬಿಟ್ಟ. ಅಲ್ಲಿಂದಲೇ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಹಜ್ ಮುಗಿದ ಮೇಲೂ ಹೋಗಲಿಲ್ಲ. ಒಮ್ಮೆ ನಡೆದ ದಾರಿಯಲ್ಲಿ ಸಾಧ್ಯವಾದಷ್ಟು ಮತ್ತೆ ನಡೆಯಬಾರದು ಅಂತ ನಿಯಮ ಬೇರೆ ಮಾಡ್ಕೊಂಡ. ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ನೋಡಿದೆ ಅಂತ ಹೇಳ್ತಾನೆ. ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡಲಿಲ್ಲ, ಬರೀ ಅನ್ನ, ಕರಾವಳಿ ಸುತ್ತಿ ಮುಗಿಸುವ ಹೊತ್ತಿಗೆ ನೀರು ಕುಡಿಯದೆ ಅನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ ಅಂತಲೂ ಗೊಣಗ್ತಾನೆ. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿರೋ ಹುಡುಗರು ಇವನ ನೋವು ಅರ್ಥ ಮಾಡ್ಕೋತಾರೆ. ಇಷ್ಟೆಲ್ಲ ಸುತ್ತಿ 1349ರಲ್ಲಿ ತವರಿಗೆ ಮರಳಿದಾಗ ಅಪ್ಪ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ಅಮ್ಮ ಪ್ಲೇಗ್‌ಗೆ ಸಿಕ್ಕಿ ಆಗಷ್ಟೇ ಹೋಗಿದ್ದಳು. ತಾಯಿಯ ಸಮಾಧಿ ನೋಡಿದ, ಸ್ವಲ್ಪ ದಿನದಲ್ಲೇ ಮತ್ತೆ ಹೊರಟ. ಇವನಿಗೆ ಪ್ರಯಾಣ ಅಂದರೆ ಇಷ್ಟ ಅನ್ನೋಕೆ ನನಗೆ ಸ್ವಲ್ಪ ಹೆದರಿಕೆಯೇ ಆಗತ್ತೆ.

ಆದರೆ ನನ್ನನ್ನ ಕಾಡಿದವನು ಇವರಿಬ್ಬರೂ ಅಲ್ಲ, ಅಫನಾಸಿ ನಿಕಿತಿನ್.

ನಿಕಿತಿನ್ ರಷ್ಯಾದ ತ್ವೆರ್ ಊರಿನ ವ್ಯಾಪಾರಿ. 1460ರ ದಶಕದ ಕೊನೆಯ ಹೊತ್ತಿಗೆ ಸರಕು ತುಂಬಿಕೊಂಡು ವೋಲ್ಗಾ ನದಿಯಲ್ಲಿ ಹೊರಟ. ಇಂಡಿಯಾಕ್ಕೆ ಬರಬೇಕು ಅಂತ ಅಲ್ಲ, ಕ್ಯಾಸ್ಪಿಯನ್ ಕಡೆ ಒಂದು ವ್ಯಾಪಾರ ಮುಗಿಸಿ ಬರೋ ಲೆಕ್ಕಾಚಾರ. ಅಸ್ತ್ರಖಾನ್ ಹತ್ತಿರ ತಾತಾರರು ದೋಚಿದರು. ಸರಕು ಹೋಯಿತು, ಜೊತೆಗಿದ್ದ ಪುಸ್ತಕಗಳೂ ಹೋದವು. ಆಮೇಲೆ ನಡೆದದ್ದನ್ನ ಅವನು ತೀರಾ ಚಿಕ್ಕದಾಗಿ ಬರೀತಾನೆ. ಎಲ್ಲರೂ ಅತ್ತು ಬೇರೆ ಬೇರೆ ದಾರಿ ಹಿಡಿದರಂತೆ. ಊರಿನಲ್ಲಿ ಏನಾದರೂ ಆಸ್ತಿ ಇದ್ದವರು ಊರಿಗೆ ಹೋದರು. ಸಾಲ ಇದ್ದವರು ಕಣ್ಣು ಹಾಯ್ದ ಕಡೆ ನಡೆದರು.

ತಾನು ಯಾವ ಗುಂಪಿನವನು ಅಂತ ಅವನು ಹೇಳೋದಿಲ್ಲ. ಆದರೆ ಊರಿಗೆ ಹೋಗದೆ ದೆರ್ಬೆಂತ್, ಬಾಕು, ಪರ್ಷಿಯಾ ಅಂತ ಮುಂದಕ್ಕೇ ನಡೆದ. ಬರಿಗೈಯಲ್ಲಿ ಸಾಲಗಾರರ ಮುಂದೆ ನಿಲ್ಲೋದಕ್ಕಿಂತ ಗೊತ್ತಿಲ್ಲದ ದೇಶ ವಾಸಿ ಅನ್ನಿಸಿರಬೇಕು. ಇದು ನನ್ನ ಊಹೆ, ಆದರೆ ತೀರಾ ದೂರದ ಊಹೆ ಏನಲ್ಲ.

ಕೊನೆಗೆ ಹೊರ್ಮುಜ್‌ನಿಂದ ಒಂದೇ ಒಂದು ಗಂಡುಕುದುರೆ ಜೊತೆ ಹಡಗು ಹತ್ತಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಅರಬ್ಬಿ ಕುದುರೆಗೆ ದಖ್ಖನ್‌ನಲ್ಲಿ ಒಳ್ಳೇ ರೇಟು. ಇಡೀ ಬಂಡವಾಳ ಆ ಕುದುರೆ ಮೇಲೆ. ಜುನ್ನರ್‌ನಲ್ಲಿ ಅಲ್ಲಿನ ಖಾನ ಅದನ್ನ ಕಸಿದುಕೊಂಡ. ಧರ್ಮ ಬದಲಾಯಿಸಿದರೆ ಕುದುರೆಯೂ ಸಿಗತ್ತೆ, ಸಾವಿರ ಚಿನ್ನದ ನಾಣ್ಯವೂ ಸಿಗತ್ತೆ, ನಾಲ್ಕು ದಿನ ಟೈಮು ಅಂದ. ನಿಕಿತಿನ್ ಒಪ್ಪಲಿಲ್ಲ. ಅವನ ಪರವಾಗಿ ಖಾನನ ಹತ್ತಿರ ಹೋಗಿ ಮಾತಾಡಿ ಕುದುರೆ ಬಿಡಿಸಿಕೊಟ್ಟವನು ಒಬ್ಬ ಖುರಾಸಾನಿ ಮುಸಲ್ಮಾನ. ನಮ್ಮ ಸಂಜೆಯ ಡಿಬೇಟ್‌ಗಳಲ್ಲಿ ಈ ಘಟನೆಯ ಮೊದಲರ್ಧ ಮಾತ್ರ ಬರತ್ತೆ ಅಂತ ನನಗೆ ಗೊತ್ತು. ಅದಕ್ಕೇ ಎರಡನೇ ಅರ್ಧವನ್ನೂ ಬರೀತಿದ್ದೀನಿ.

ಕುದುರೆ ಜೊತೆ ಬೀದರ್‌ಗೆ ಬಂದ. ಬಹಮನಿಗಳ ರಾಜಧಾನಿ, ಮಹಮೂದ್ ಗವಾನ್ ಮಂತ್ರಿಯಾಗಿದ್ದ ಕಾಲ. ರಾತ್ರಿ ಪಂಜು ಹಿಡಿದು ಕುದುರೆ ಮೇಲೆ ಸುತ್ತೋ ಕಾವಲಿನವರನ್ನ ನೋಡಿದ, ಸುಲ್ತಾನನ ಆನೆಗಳ ಮೆರವಣಿಗೆ ನೋಡಿದ, ಅಮೀರರ ಸಿರಿಯನ್ನೂ ಹಳ್ಳಿಗರ ಬಡತನವನ್ನೂ ಒಟ್ಟಿಗೇ ಬರೆದ. ಆಳಂದದ ಜಾತ್ರೆಯಲ್ಲಿ 20 ಸಾವಿರ ಕುದುರೆ ಮಾರಾಟ ಆಗತ್ತೆ ಅಂತ ಲೆಕ್ಕ ಕೊಟ್ಟ. ರಾತ್ರಿ ಕೂಗೋ ಗೂಬೆಯಂಥ ಹಕ್ಕಿ ಯಾರ ಮನೆ ಮೇಲೆ ಕೂತರೆ ಆ ಮನೆಯಲ್ಲಿ ಸಾವು ಅಂತ ಜನ ನಂಬೋದನ್ನೂ ಬಿಡಲಿಲ್ಲ. ನಮ್ಮಜ್ಜಿ ಹೇಳ್ತಿದ್ದಿದ್ದೂ ಅದೇ!

ವ್ಯಾಪಾರಿಯಾಗಿ ಪೂರ್ತಿ ಸೋತ. ರಷ್ಯಾಕ್ಕೆ ಒಯ್ಯುವಂಥ ಸರಕು ಇಲ್ಲಿಲ್ಲ, ನನಗೆ ಸುಳ್ಳು ಹೇಳಿ ಕಳಿಸಿದರು ಅಂತ ಸಿಟ್ಟಾಗಿ ಬರೀತಾನೆ. ಕುದುರೆಯನ್ನ ಮಾರೋ ಹೊತ್ತಿಗೆ ಅದರ ಮೇವಿಗೇ ದುಡ್ಡು ಕರಗಿತ್ತು. ಸರಿ, ಇನ್ನು ಇಲ್ಲೇನು ಕೆಲಸ? ಹೊರಡಬೇಕಿತ್ತು. ಹೊರಡಲಿಲ್ಲ. ಬೀದರ್‌ನ ಹಿಂದೂಗಳ ಸ್ನೇಹ ಮಾಡಿದ. ತನ್ನ ನಿಜವಾದ ಹೆಸರು, ಧರ್ಮ ಹೇಳಿಕೊಂಡ. ಆಮೇಲೆ ಅವರೂ ತಮ್ಮ ಊಟ, ವ್ಯವಹಾರ, ಪೂಜೆ ಯಾವುದನ್ನೂ ಮುಚ್ಚಿಡಲಿಲ್ಲ. ಅವರ ಜೊತೆ ಒಂದು ತಿಂಗಳ ದಾರಿ ಸಾಗಿ 'ಪರ್ವತ'ಕ್ಕೆ, ಅಂದರೆ ಶ್ರೀಶೈಲಕ್ಕೆ ಹೋದ. ಇವತ್ತಿಗೂ ಉತ್ತರ ಕರ್ನಾಟಕದ ಮಂದಿ ಶ್ರೀಶೈಲಕ್ಕೆ ಪಾದಯಾತ್ರೆ ಹೋಗ್ತಾರಲ್ಲ, ಸುಮಾರು ಐನೂರೈವತ್ತು ವರ್ಷದ ಹಿಂದೆ ಅಂಥದ್ದೇ ಒಂದು ಗುಂಪಿನಲ್ಲಿ ಒಬ್ಬ ಬಿಳಿಯ ರಷ್ಯನ್. ಲಾಭದ ಲೆಕ್ಕದಲ್ಲಿ ಈ ಯಾತ್ರೆಗೆ ಅರ್ಥವೇ ಇಲ್ಲ. ಸಾಲ ಅವನನ್ನ ಬೀದರ್‌ವರೆಗೆ ತಂದಿತ್ತು. ಶ್ರೀಶೈಲಕ್ಕೆ ಮಾತ್ರ ತಾನಾಗಿ ಹೋದ.

ಹಾಗಂತ ಖುಷಿಯಾಗಿದ್ದ ಅಂತಲ್ಲ. ಪುಸ್ತಕಗಳಿಲ್ಲದೆ ಈಸ್ಟರ್ ಯಾವತ್ತು ಅನ್ನೋದೇ ತಪ್ಪಿಹೋಯಿತು. ನಕ್ಷತ್ರ ನೋಡಿ ಅಂದಾಜು ಮಾಡ್ತಿದ್ದ, ಮುಸಲ್ಮಾನರ ಉಪವಾಸದ ದಿನಗಳಲ್ಲೇ ತಾನೂ ಉಪವಾಸ ಮಾಡ್ತಿದ್ದ. ಒಂದು ಕಡೆ ತನ್ನ ನಾಡಿನಂಥ ನಾಡಿಲ್ಲ, ದೇವರು ಅದನ್ನ ಕಾಪಾಡಲಿ, ಅಲ್ಲಿನ ಶ್ರೀಮಂತರಲ್ಲಿ ನ್ಯಾಯ ಇಲ್ಲದಿದ್ದರೂ ಅಂತ ಬರೀತಾನೆ. ಆ ಮಾತನ್ನ ರಷ್ಯನ್ನಿನಲ್ಲಿ ಬರೆಯದೆ ದಾರಿಯಲ್ಲಿ ಕಲಿತ ತುರ್ಕಿ ಬೆರಕೆ ಭಾಷೆಯಲ್ಲಿ ಬರೆದಿದ್ದಾನೆ. ಊರಿನವರು ಓದಿದರೆ ಕಷ್ಟ ಅಂತಲೋ ಏನೋ.

1957ರಲ್ಲಿ ಖ್ವಾಜಾ ಅಹ್ಮದ್ ಅಬ್ಬಾಸ್ ರಷ್ಯನ್ನರ ಜೊತೆ ಸೇರಿ ಇವನ ಕಥೆಯನ್ನ 'ಪರದೇಸಿ' ಅಂತ ಸಿನಿಮಾ ಮಾಡಿದರು. ಅದರಲ್ಲಿ ನರ್ಗಿಸ್ ಇದ್ದಾರೆ, ಪ್ರೀತಿ ಇದೆ. ಮನುಷ್ಯ ಸುಮ್ಮನೆ ಒಂದು ಊರಲ್ಲಿ ಉಳಿದ ಅಂದರೆ ಪ್ರೇಕ್ಷಕರು ಒಪ್ಪಲ್ಲ, ಕಾರಣ ಕೇಳ್ತಾರೆ. ನಮ್ಮ ಚಾನೆಲ್ ಆಗಿದ್ದರೂ ಅದನ್ನೇ ಮಾಡ್ತಿದ್ವು.

ಕೊನೆಗೂ ಅವನು ಊರಿನ ಕಡೆ ಹೊರಟ. ಮೂರು ಸಮುದ್ರ ದಾಟಿದವನು ತ್ವೆರ್ ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ. 1475ರಲ್ಲಿ ಅವನ ನೋಟ್‌ಬುಕ್‌ಗಳು ಮಾತ್ರ ಮಾಸ್ಕೋ ಸೇರಿದವು.

ಮೊನ್ನೆ ಈ ಕಥೆ ಅಪ್ಪನಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಸಾಲ ತೀರಿಸಿದ್ನಾ?" ಅಂದರು. ಇಲ್ಲ ಅಂದೆ. ಸುಮ್ಮನಾದರು. ನನ್ನ ಇಂಜಿನಿಯರಿಂಗ್ ಸೀಟಿಗೆ ಮಾಡಿದ ಸಾಲ ತೀರಿಸೋಕೆ ಅಪ್ಪ ಆರು ವರ್ಷ ಕೇಳಿ ಕೇಳಿ ರಾತ್ರಿ ರೂಟು ಹಾಕಿಸಿಕೊಳ್ತಿದ್ದರು. ಕಲಬುರಗಿ, ಬೀದರ್ ಅವರಿಗೆ ಅಂಗೈ ರೇಖೆ ಇದ್ದಂಗೆ. ಆದರೆ ಬೀದರ್ ಕೋಟೆ ಒಳಗೆ ಒಂದು ಸಲವೂ ಹೋಗಿಲ್ಲವಂತೆ. ಬೆಳಿಗ್ಗೆ ಬಸ್ ನಿಲ್ಲಿಸಿ ಮಲಗೋದು, ಸಂಜೆ ಎದ್ದು ವಾಪಸ್.

"ಕಾರಲ್ಲಿ ಹೋಗಿ ಬರೋಣ ಬನ್ನಿ" ಅಂದೆ. ಬೇಡ ಅಂದರು. ಬಸ್ಸಲ್ಲೇ ಹೋಗಬೇಕಂತೆ, ಹಗಲು ಹೊತ್ತು, ಹಿಂದಿನ ಸೀಟು, ಕಿಟಕಿ ಪಕ್ಕ. ಯಾಕೆ ಅಂತ ನಾನು ಕೇಳಲಿಲ್ಲ. ಎರಡು ಟಿಕೆಟ್ ಬುಕ್ ಮಾಡಿದ್ದೀನಿ.