ಮೊರೇ (ಡಿಜಿಟಲ್ ಛಾಯಾಗ್ರಹಣ)

ಒತ್ತೊತ್ತಾದ ಗೆರೆ ಅಥವಾ ನೇಯ್ಗೆಯ ಡಿಜಿಟಲ್ ಚಿತ್ರದಲ್ಲಿ ಮೂಡುವ, ಮೂಲ ವಸ್ತುವಿನಲ್ಲಿ ಇಲ್ಲದ ಅಲೆಪಟ್ಟೆ. ಹೆಸರು ಬಂದದ್ದು ನೀರಲೆಯ ಹೊಳಪಿನ ಬಟ್ಟೆಗಿರುವ ಫ್ರೆಂಚ್ ಪದದಿಂದ. ಎರಡು ಸೊಳ್ಳೆಪರದೆಗಳನ್ನು ತುಸು ಓರೆಯಾಗಿ ಒಂದರ ಮೇಲೊಂದು ಹಿಡಿದರೆ ಬರಿಗಣ್ಣಿಗೇ ಇದು ಕಾಣುತ್ತದೆ. ಕ್ಯಾಮೆರಾದಲ್ಲಿ ಎರಡನೆಯ ಪರದೆಯೆಂದರೆ ಸಂವೇದಕದ ಪಿಕ್ಸೆಲ್ ಸಾಲು.

ಒಂದು ಗೆರೆಗೂ ಅದರ ಪಕ್ಕದ ತೆರಪಿಗೂ ಸೇರಿ ಕನಿಷ್ಠ ಎರಡು ಪಿಕ್ಸೆಲ್ ಬೇಕು. ಅಷ್ಟು ಸಿಗದಿದ್ದರೆ ಗೆರೆಗಳು ಅಳಿಸಿಹೋಗುವುದಿಲ್ಲ, ದಪ್ಪ ಪಟ್ಟೆಗಳಾಗಿ ವೇಷ ಬದಲಿಸುತ್ತವೆ. ಕೊಡಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಶೋಧಕದಲ್ಲಿ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಕೆಂಪು ಮತ್ತು ನೀಲಿಗೆ ಒಂದೊಂದೇ. ಹಾಗಾಗಿ ಬಿಳಿ ಅಂಗಿಯ ಮೇಲೂ ಸುಳ್ಳು ಬಣ್ಣ ಹರಿದಾಡುತ್ತದೆ.

ಮದುವೆ ಚಿತ್ರಗಳಲ್ಲಿ ಇಳಕಲ್ ಸೀರೆಯ ಸಣ್ಣ ಚೌಕುಳಿ ಇದಕ್ಕೆ ಸುಲಭ ತುತ್ತು. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದಂಥ ಹೊಯ್ಸಳ ಗುಡಿಗಳ ಕಡೆದ ಕಂಬಗಳನ್ನು ದೂರದಿಂದ ತೆಗೆಯುವಾಗಲೂ ಎಚ್ಚರ ಬೇಕು. ಶಿಲ್ಪದ ದಾಖಲೆಯಲ್ಲಿ ಶಿಲ್ಪಿ ಕೊರೆಯದ ಗೆರೆ ಸೇರುವುದು ಸಣ್ಣ ತಪ್ಪಲ್ಲ.

ಪಿಕ್ಸೆಲ್ ಹೆಚ್ಚಾದರೆ ಮೊರೇ ಇಲ್ಲವಾಗುತ್ತದೆ ಎಂಬುದು ಅರ್ಧಸತ್ಯ. ಇನ್ನೂ ನವಿರಾದ ನೇಯ್ಗೆಗೆ ಅದು ಸರಿಯುತ್ತದೆ, ಅಷ್ಟೆ. ಬಿಂಬವನ್ನು ಕೊಂಚ ಮಸುಕುಗೊಳಿಸುವ ಶೋಧಕ ಇದನ್ನು ತಡೆಯುತ್ತದೆ. 2012ರ 36 ಮೆಗಾಪಿಕ್ಸೆಲ್‌ನ ನಿಕಾನ್ ಡಿ800ಇ ಹೆಚ್ಚಿನ ಸ್ಪಷ್ಟತೆಗಾಗಿ ಆ ಮಸುಕನ್ನೇ ರದ್ದುಮಾಡಿತು. ಅಂಥ ಕ್ಯಾಮೆರಾ ಹಿಡಿದವರು ಎರಡು ಹೆಜ್ಜೆ ಹಿಂದೆ ಮುಂದೆ ಸರಿದು, ಕೋನ ಬದಲಿಸಿ ಮತ್ತೊಮ್ಮೆ ತೆಗೆಯುವುದು ಒಳ್ಳೆಯದು.