ಲಾವಾ ಪದರಗಳ ನಡುವಿನ ಎಡಸುರುಳಿ

ಫೈಸಾ ಪ್ರಿನ್ಸೆಪಿ ಎಂಬುದು ಸಿಹಿನೀರಿನ ಒಂದು ಬಸವನಹುಳುವಿನ ಪಳೆಯುಳಿಕೆ. ಡೆಕ್ಕನ್ ಟ್ರ್ಯಾಪ್‌ನ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ತೆಳು ಕೆರೆಮಣ್ಣಿನ ಪದರಗಳಲ್ಲಿ ಅದು ಸಿಗುತ್ತದೆ. ಕಲಬುರಗಿ ನಗರವೂ ಅದೇ ಜಿಲ್ಲೆಯ ಕಮಲಾಪುರವೂ ನಿಂತಿರುವುದು ಈ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲಿನ ಮೇಲೆ. ಸುತ್ತಲಿನ ಯರಿ ಭೂಮಿ ಆ ಕಲ್ಲು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಒಂದು ಲಾವಾ ಹರಿವು ತಣಿದು ಇನ್ನೊಂದು ಬರುವವರೆಗೆ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು, ಅವುಗಳಲ್ಲಿ ಹುಳುಗಳು ಬದುಕಿದವು.

ಈ ಸೀಮೆಯಲ್ಲಿ ಚಿಪ್ಪಿನ ಗುರುತು ಹಿಡಿಯಲು ಮೊದಲು ಅದರ ಕಲ್ಲನ್ನು ಗುರುತಿಸಬೇಕು. ನಗರದ ದಕ್ಷಿಣಕ್ಕಿರುವ ಶಹಾಬಾದಿನ ಫರಸಿ ಕಲ್ಲು, 1872ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಹೆಸರಿಸಿದ ಭೀಮಾ ಸರಣಿಗೆ ಸೇರಿದ್ದು. ಅದು ಸಮುದ್ರದ ತಳದಲ್ಲಿ ಕೂಡಿದ್ದೇ ಆದರೂ ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುಂಚಿನದೆಂದು ಬಹುತೇಕ ಭೂವಿಜ್ಞಾನಿಗಳ ಎಣಿಕೆ. ಆದ್ದರಿಂದ ಏಣುಗಳು ಬೀಸಣಿಗೆಯಾಗಿ ಹರಡಿದ, ಕೀಲಿನ ಎರಡೂ ಬದಿಗೆ ಕಿವಿಗಳಿರುವ ಸಮುದ್ರದ ಸ್ಕ್ಯಾಲಪ್ ಚಿಪ್ಪನ್ನು ಅಲ್ಲಿ ಹುಡುಕುವುದು ವ್ಯರ್ಥ. ಆ ಬಗೆಯ ಚಿಪ್ಪುಗಳು ತಮಿಳುನಾಡಿನ ಅರಿಯಲೂರು ಕಡೆಯ ಸಮುದ್ರ ಪದರಗಳಲ್ಲಿವೆ. ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ 1871ರಲ್ಲಿ ಅವನ್ನು ವಿವರಿಸಿದ್ದಾರೆ. ಕಲಬುರಗಿಯ ಕಪ್ಪು ಕಲ್ಲಿನ ನಡುವೆ ನಿರೀಕ್ಷಿಸಬೇಕಾದದ್ದು ಕೆರೆಯ ಜೀವಿಗಳನ್ನೇ.

ಟ್ರ್ಯಾಪ್ ಕಲ್ಲಿನ ನಡುವೆ ಚಿಪ್ಪುಗಳಿವೆಯೆಂದು ಮೊದಲು ಕಂಡವರಲ್ಲಿ ಒಬ್ಬರು ತ್ರಿಕೋನಮಿತಿ ಸರ್ವೇಕ್ಷಣೆಯ ವೈದ್ಯ ಹೆನ್ರಿ ವಾಯ್ಸಿ. ಅವರ ನಂತರ ಜೆ. ಜಿ. ಮಾಲ್ಕಮ್‌ಸನ್ ನಿಜಾಮರ ರಾಜ್ಯದ ನಿರ್ಮಲ್ ಬಳಿಯ ಸಿಚೆಲ್ ಗುಡ್ಡಗಳಲ್ಲಿ ಓಡಾಡಿ ಚಿಪ್ಪು ಕೂಡಿಸಿದರು. ಕಲಬುರಗಿಯೂ ಆಗ ಅದೇ ರಾಜ್ಯದಲ್ಲಿತ್ತು. 1840ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮಾಲ್ಕಮ್‌ಸನ್‌ರ ಲೇಖನದಲ್ಲಿ ಚಿಪ್ಪುಗಳ ತಜ್ಞ ಜೆ. ಡಿ ಸಿ. ಸವರ್ಬಿ ಈ ಹುಳುವಿಗೆ ಜೇಮ್ಸ್ ಪ್ರಿನ್ಸೆಪ್‌ರ ಹೆಸರಿಟ್ಟರು. 1837ರಲ್ಲಿ ಅಶೋಕನ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಪ್ರಿನ್ಸೆಪ್ ಇವರೇ. ಅಶೋಕನ ಶಾಸನ ದೊರೆತ ಸನ್ನತಿ ಕಲಬುರಗಿ ಜಿಲ್ಲೆಯಲ್ಲೇ ಇರುವುದರಿಂದ ಈ ಹೆಸರು ಇಲ್ಲಿಯವರಿಗೆ ಎರಡು ಬಗೆಯಲ್ಲಿ ಹತ್ತಿರದ್ದು.

ಗುರುತು ಹಿಡಿಯುವ ಕ್ರಮ ಹೀಗಿದೆ. ಚಿಪ್ಪಿನ ತುದಿ ಮೇಲಕ್ಕೂ ಬಾಯಿ ನೋಡುವವರ ಕಡೆಗೂ ಬರುವಂತೆ ಹಿಡಿಯಬೇಕು. ಬಾಯಿ ಎಡಕ್ಕಿದ್ದರೆ ಅದು ಎಡಸುರುಳಿ, ಫೈಸಾ ಪ್ರಿನ್ಸೆಪಿ ಇಂಥದ್ದೇ. ಬಹುತೇಕ ಬಸವನಹುಳುಗಳು ಬಲಸುರುಳಿಯವಾದ್ದರಿಂದ ಈ ಒಂದು ಲಕ್ಷಣವೇ ಅನೇಕ ಕುಲಗಳನ್ನು ಬದಿಗೆ ಸರಿಸುತ್ತದೆ. (ಪೂಜೆಯ ಬಲಮುರಿ ಶಂಖವನ್ನು ಈ ಕ್ರಮದಲ್ಲಿ ಹಿಡಿದರೆ ಎಡಸುರುಳಿಯೇ ಆಗುತ್ತದೆ, ಹಿಡಿಯುವ ರೀತಿ ಬೇರೆ, ಅಷ್ಟೆ.) ಮುಂದೆ ಸುತ್ತುಗಳ ಸಂಖ್ಯೆ, ಗೋಪುರದ ಎತ್ತರ, ಕೊನೆಯ ಸುತ್ತಿನ ಉಬ್ಬು, ಬಾಯಿಯ ಆಕಾರಗಳನ್ನು ಅಳೆಯಬೇಕು. ಫೈಸಾ ಪ್ರಿನ್ಸೆಪಿಯ ಕೊನೆಯ ಸುತ್ತು ಇಡೀ ಚಿಪ್ಪಿನ ಬಹುಭಾಗವನ್ನು ಆವರಿಸುತ್ತದೆ, ಗಾತ್ರವೂ ಈಗಿನ ಫೈಸಾಗಳಿಗಿಂತ ಬಹಳ ದೊಡ್ಡದು.

ತೊಡಕು ಶುರುವಾಗುವುದು ಇಲ್ಲಿಂದ. ಅನೇಕ ಕಡೆ ಮೂಲ ಚಿಪ್ಪು ಕರಗಿ, ಒಳಗೆ ತುಂಬಿಕೊಂಡ ಸಿಲಿಕಾದ ಅಚ್ಚು ಮಾತ್ರ ಉಳಿದಿದೆ. ಹೊರಮೈಯ ಸೂಕ್ಷ್ಮ ಗೆರೆಗಳು ಅದರಲ್ಲಿ ಕಾಣುವುದಿಲ್ಲ. ಆಕಾರವೂ ಒಂದೇ ತೆರನಲ್ಲ. ನಾಗಪುರದ ಸ್ಟೀಫನ್ ಹಿಸ್ಲಾಪ್ 1860ರಲ್ಲಿ ನೀಳವಾದದ್ದನ್ನೂ ಉಬ್ಬಿದ್ದನ್ನೂ ಬೇರೆ ಜಾತಿಗಳೆನ್ನದೆ ಇದೇ ಜಾತಿಯ ಬಗೆಗಳೆಂದರು. ವಿವೇಕದ ತೀರ್ಮಾನ ಅದು. ಇದಕ್ಕಿಂತ ಬಿಗಿಯಾದ ಗಂಟು ಕುಲದ್ದು. ಇಂದಿನ ಎಡಸುರುಳಿ ಹುಳುಗಳಲ್ಲಿ ಫೈಸಾ ಯಾವುದು, ಬುಲೈನಸ್ ಯಾವುದು ಎಂದು ಖಚಿತವಾಗುವುದು ಮೆದು ದೇಹದ ಅಂಗರಚನೆಯಿಂದ. ಕಲ್ಲಿನಲ್ಲಿ ಅದು ಉಳಿಯುವುದಿಲ್ಲ. ಹೀಗಾಗಿ ಬೇರೆ ಬೇರೆ ವಿದ್ವಾಂಸರು ಇದನ್ನು ಫೈಸಾ, ಬುಲೈನಸ್, ಪ್ಲಾಟಿಫೈಸಾ ಎಂಬ ಕುಲಗಳಲ್ಲಿ ಇರಿಸಿದ್ದಾರೆ. ಕುಲ ಬದಲಾದರೂ ‘ಪ್ರಿನ್ಸೆಪಿ’ ಎಂಬ ಜಾತಿಯ ಹೆಸರು ಹಾಗೇ ಉಳಿದಿದೆ.

ಪದರದ ವಯಸ್ಸೂ ಚರ್ಚೆಯ ವಿಷಯವಾಗಿತ್ತು. ಹಿಸ್ಲಾಪ್ ಅದನ್ನು ಕ್ರಿಟೇಷಿಯಸ್ ನಂತರದ ಟರ್ಷಿಯರಿ ಯುಗಕ್ಕೆ ಸೇರಿಸಿದರು, ಸಸ್ಯ ಪಳೆಯುಳಿಕೆಗಳ ತಜ್ಞ ಬೀರಬಲ್ ಸಾಹನಿಯವರೂ ಆ ಪಕ್ಷವೇ. ಈಗ ಇಂಥ ಪದರಗಳನ್ನು ಕ್ರಿಟೇಷಿಯಸ್‌ನ ಕೊನೆಗೂ ಅದರ ಮುಂದಿನ ಯುಗದ ಆರಂಭಕ್ಕೂ ಹಂಚಲಾಗುತ್ತದೆ. 2002ರಲ್ಲಿ ರಾಬಿನ್ ವಾಟ್ಲಿ, ಸುನಿಲ್ ಬಾಜಪೈ ಮತ್ತು ಸಂಗಡಿಗರು ಆಗಿನ ಕಲಬುರಗಿ ಜಿಲ್ಲೆಯ ಇಂಥ ಪದರಗಳಿಂದ ಆಸ್ಟ್ರಕಾಡ್‌ಗಳನ್ನು ವರ್ಣಿಸಿದರು. ಇವು ಎರಡು ಚಿಪ್ಪಿನ ನಡುವೆ ಬದುಕುವ ಸೂಕ್ಷ್ಮ ಜಲಚರಗಳು. ಅವುಗಳ ಆಧಾರದ ಮೇಲೆ ಆ ಪದರಗಳನ್ನು ಸಮುದ್ರದ್ದಲ್ಲದ, ಕ್ರಿಟೇಷಿಯಸ್‌ನ ಕೊನೆಯ ಕಾಲದ ಪದರಗಳೆಂದು ಗುರುತಿಸಲಾಯಿತು.