ಕಲೆಯನ್ನು ಅಳಿಸುವ ಕಲೆ

ಮುಖದ ಚಿತ್ರವನ್ನು ಗಣಕಯಂತ್ರದ ತೆರೆಯ ಮೇಲೆ ಹಿಗ್ಗಿಸಿ, ಮೊಡವೆ ಕಂಡಲ್ಲಿ ಒಮ್ಮೆ ಒತ್ತಿ ಅದನ್ನು ಮಾಯ ಮಾಡುವ ವಿದ್ಯೆ ಈಗ ಮಕ್ಕಳಿಗೂ ಕೈವಶವಾಗಿದೆ. ಇದು ಹೊಸ ಕಾಲದ ಚಪಲವೆಂದು ಹಿರಿಯರು ಆಕ್ಷೇಪಿಸುವುದುಂಟು. ಆದರೆ ಭಾವಚಿತ್ರವನ್ನು ತಿದ್ದುವ ಕಸುಬು ಹೆಚ್ಚುಕಡಿಮೆ ಛಾಯಾಗ್ರಹಣದಷ್ಟೇ ಹಳೆಯದು. ಗಿರಾಕಿಯನ್ನು ಮೆಚ್ಚಿಸುವ ಆಸೆಯ ಜೊತೆಗೆ, ಕ್ಯಾಮೆರಾ ಹೇಳುತ್ತಿದ್ದ ಒಂದು ಸುಳ್ಳನ್ನು ಸರಿಪಡಿಸುವ ಅಗತ್ಯವೂ ಅದರ ಹುಟ್ಟಿಗೆ ಕಾರಣವಾಗಿತ್ತು.

ಆ ಸುಳ್ಳು ಯಾವುದು? 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ಲೇಪಿಸಿದ ಗಾಜಿನ ಮೇಲೆ ಚಿತ್ರ ಹಿಡಿಯುವ ಕ್ರಮವನ್ನು ಪ್ರಕಟಿಸಿದನು. ಆ ಲೇಪಕ್ಕೆ ನೀಲಿ ಬೆಳಕು ಕಾಣುತ್ತಿತ್ತು; ಕೆಂಪು ಹಳದಿಗಳಿಗೆ ಅದು ಬಹುಮಟ್ಟಿಗೆ ಕುರುಡು. ಹೀಗಾಗಿ, ಬರಿಗಣ್ಣಿಗೆ ಗೋಚರವೇ ಆಗದ ಕೆನ್ನೆಯ ನಸುಗೆಂಪು ಕಲೆಯೂ ಚರ್ಮದ ಕಂದು ಚುಕ್ಕೆಯೂ ಕಾಗದದ ಮೇಲೆ ಕಪ್ಪಾಗಿ ಮೂಡುತ್ತಿದ್ದವು. ಕನ್ನಡಿಯಲ್ಲಿ ಕಂಡ ಮುಖಕ್ಕೂ ಚಿತ್ರದ ಮುಖಕ್ಕೂ ತಾಳೆಯಾಗದೆ ಗಿರಾಕಿಗಳು ಮುನಿಯುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪರಿಹಾರ ನೆಗೆಟಿವಿನಲ್ಲೇ ಇತ್ತು. ಚಿತ್ರದಲ್ಲಿ ಕಪ್ಪಾಗುವ ಭಾಗ ನೆಗೆಟಿವಿನಲ್ಲಿ ತಿಳಿಯಾಗಿರುತ್ತದೆ. ಕುಶಲಿಯು ಗಾಜಿಗೆ ತೆಳುವಾಗಿ ವಾರ್ನಿಷ್ ಸವರಿ, ಹಿಂದಿನಿಂದ ಬೆಳಕು ಬೀಳುವಂತೆ ಇಳಿಜಾರು ಮೇಜಿನ ಮೇಲಿಟ್ಟು, ಸೂಜಿಯಂತೆ ಹರಿತವಾದ ಸೀಸದ ಕಡ್ಡಿಯಿಂದ ಆ ತಿಳಿ ಚುಕ್ಕೆಗಳನ್ನು ತುಂಬುತ್ತಿದ್ದನು. ಮುದ್ರಿಸುವಾಗ ಅಲ್ಲಿ ಬೆಳಕು ತಡೆದು ಕಲೆ ಮರೆಯಾಗುತ್ತಿತ್ತು. ಹೆಚ್ಚು ಬಿಳುಪಾದ ಕಡೆಯನ್ನು ಚಾಕುವಿನ ಮೊನೆಯಿಂದ ಮೆಲ್ಲಗೆ ಕೆರೆಯುತ್ತಿದ್ದನು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಮ್ಯೂನಿಕ್ ನಗರದ ಫ್ರಾನ್ಸ್ ಹಾನ್ಫ್‌ಸ್ಟೆಂಗಲ್ ಒಂದೇ ಮುಖದ ಎರಡು ಚಿತ್ರಗಳನ್ನು, ತಿದ್ದಿದ್ದು ಮತ್ತು ತಿದ್ದದಿದ್ದುದನ್ನು, ಅಕ್ಕಪಕ್ಕ ಇರಿಸಿ ಜನರನ್ನು ಬೆರಗುಗೊಳಿಸಿದನೆಂದು ಛಾಯಾಗ್ರಹಣದ ಇತಿಹಾಸಗಳು ಹೇಳುತ್ತವೆ.

1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್, ಲೇಪಕ್ಕೆ ಬಣ್ಣ ಬೆರೆಸಿ ಹಸಿರು ಹಳದಿಗಳೂ ಅದಕ್ಕೆ ಕಾಣುವಂತೆ ಮಾಡುವ ದಾರಿ ತೋರಿದನು. 1906ರಲ್ಲಿ ಕೆಂಪನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನ ಪೇಟೆಗೆ ಬಂದವು. ಕ್ಯಾಮೆರಾದ ಕುರುಡು ಹೋಯಿತು. ತಿದ್ದುವ ಚಟ ಹೋಗಲಿಲ್ಲ. ಯಂತ್ರದ ತಪ್ಪನ್ನು ತಿದ್ದಲು ಹುಟ್ಟಿದ ಕೈಚಳಕ ಅಷ್ಟರಲ್ಲಿ ಮನುಷ್ಯನ ಮುಖವನ್ನೇ ತಪ್ಪೆಂದು ಎಣಿಸತೊಡಗಿತ್ತು.

ಈ ಮೋಹಕ್ಕೆ ಒಳಗಾಗದವರೂ ಇದ್ದರು. 1815ರಲ್ಲಿ ಕಲ್ಕತ್ತೆಯಲ್ಲಿ ಜನಿಸಿ, ನಲವತ್ತೆಂಟರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅಂಥವರಲ್ಲಿ ಒಬ್ಬಳು. ಖಗೋಳವಿಜ್ಞಾನಿ ಜಾನ್ ಹರ್ಷಲ್‌ನ ಚಿತ್ರವನ್ನು ಆಕೆ 1867ರಲ್ಲಿ ತೆಗೆದಳು. ಹಣೆಯ ಗೆರೆಗಳೂ ಜೋತ ರೆಪ್ಪೆಗಳೂ ಕೆದರಿದ ಬಿಳಿಗೂದಲೂ ಅದರಲ್ಲಿ ಹಾಗೆಯೇ ಇವೆ. ಆ ಗೆರೆಗಳನ್ನು ಅಳಿಸಿದ್ದರೆ ಒಂದು ಆಯುಷ್ಯದ ಚಿಂತನೆಯೇ ಅಳಿಸಿಹೋಗುತ್ತಿತ್ತು.

ನಮ್ಮ ದೇಶದಲ್ಲಿ ಈ ಕಸುಬು ಬೇರೊಂದು ಹಾದಿ ಹಿಡಿಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಾಸ್ಥಾನಗಳ ಚಿತ್ರಕಾರರು ಛಾಯಾಚಿತ್ರದ ಮೇಲೆಯೇ ಗಟ್ಟಿ ಬಣ್ಣ ಬಳಿದು ಪಾಗು, ಪದಕ, ರತ್ನಹಾರಗಳನ್ನು ಮೆರೆಸಿದರು. ಬಳಿಕ ಊರೂರಿನ ಸ್ಟುಡಿಯೋಗಳಲ್ಲಿ ‘ಟಚಿಂಗ್’ ಎಂಬ ಮಾತು ಬಳಕೆಗೆ ಬಂದಿತು. ಅದರೊಡನೆ ಬಣ್ಣವನ್ನು ತುಸು ತಿಳಿಗೊಳಿಸಬೇಕೆಂಬ ಬೇಡಿಕೆಯೂ ಬಂದಿತು. ಸೀಸದ ಕಡ್ಡಿಗೆ ಸಿಡುಬಿನ ಗುಳಿಗಳನ್ನು ತುಂಬುವುದೂ ಸಾಧ್ಯವಿತ್ತು. ಆ ರೋಗ 1975ರಲ್ಲಿ ನಮ್ಮ ದೇಶವನ್ನು ಬಿಟ್ಟು ತೊಲಗಿತು. ಅದನ್ನು ಗೆದ್ದು ಬದುಕಿದ ಅಜ್ಜಿಯ ಏಕಮಾತ್ರ ಚಿತ್ರ ಗೋಡೆಯ ಮೇಲೆ ನುಣುಪಾದ ಕೆನ್ನೆಯಿಂದ ನಗುತ್ತಿದ್ದರೆ, ಆಕೆ ಪಟ್ಟ ಪಾಡು ಮೊಮ್ಮಕ್ಕಳಿಗೆ ತಿಳಿಯುವ ಬಗೆ ಹೇಗೆ?

1990ರಲ್ಲಿ ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಫೋಟೋಶಾಪ್ ತಂತ್ರಾಂಶವನ್ನು ಅಡೋಬಿ ಸಂಸ್ಥೆ ಪೇಟೆಗೆ ತಂದಿತು. 1994ರಲ್ಲಿ ಅದಕ್ಕೆ ಪದರಗಳು ಕೂಡಿದವು. 2002ರಲ್ಲಿ ಬಂದ ‘ಹೀಲಿಂಗ್ ಬ್ರಷ್’ ನೆರೆಯ ಚರ್ಮದ ನೇಯ್ಗೆಯನ್ನು ತಂದು, ಕಲೆಯಿದ್ದ ಜಾಗದ ಬೆಳಕಿಗೂ ಬಣ್ಣಕ್ಕೂ ಹೊಂದಿಸಿ ಕೂಡಿಸುತ್ತದೆ. ಗಾಜು ಹೋಗಿ ತೆರೆ ಬಂದಿದ್ದರೂ ಬಲ್ಲವರ ಕಟ್ಟುಪಾಡುಗಳು ಬಹಳ ಬದಲಾಗಿಲ್ಲ. ಮೂಲಚಿತ್ರವನ್ನು ಮುಟ್ಟದೆ ಬೇರೆ ಪದರದಲ್ಲಿ ಕೆಲಸ ಮಾಡಬೇಕು. ಕುಂಚದ ಗಾತ್ರ ಕಲೆಗಿಂತ ಸ್ವಲ್ಪವೇ ದೊಡ್ಡದಿರಬೇಕು. ಮುಖವನ್ನೆಲ್ಲ ಒಂದೇ ಸಮನೆ ಮಸುಕುಗೊಳಿಸಿದರೆ ಚರ್ಮದ ರಂಧ್ರಗಳು ಮುಚ್ಚಿ ಮೇಣದ ಬೊಂಬೆಯಾಗುತ್ತದೆ. ಕಣ್ಣಿನ ಬಿಳಿಯನ್ನೂ ಹಲ್ಲನ್ನೂ ಸುಣ್ಣದ ಗೋಡೆಯಂತೆ ಮಾಡಬಾರದು. ಸುಕ್ಕನ್ನು ಅಳಿಸುವುದಕ್ಕಿಂತ, ತಿದ್ದಿದ ಪದರವನ್ನು ಅರ್ಧದಷ್ಟು ತೆಳುಗೊಳಿಸಿ ಅದರ ನೆರಳನ್ನು ಮಾತ್ರ ಹಗುರ ಮಾಡುವುದು ಲೇಸು. ಆಗಾಗ ಚಿತ್ರವನ್ನು ಕಿರಿದಾಗಿಸಿ ದೂರದಿಂದ ನೋಡಬೇಕು. ಹತ್ತಿರದಿಂದ ದೊಡ್ಡದಾಗಿ ಕಂಡ ದೋಷ ದೂರದಿಂದ ದೋಷವಾಗಿಯೇ ಉಳಿದಿರುವುದಿಲ್ಲ.

ತಿದ್ದಿದ ಮುಖಗಳು ಎಳೆಯರಲ್ಲಿ ತಮ್ಮ ದೇಹದ ಬಗೆಗೆ ಕೀಳರಿಮೆ ಬಿತ್ತುತ್ತವೆ ಎಂಬ ಕಳವಳದಿಂದ ಫ್ರಾನ್ಸ್ 2017ರಲ್ಲಿ, ನಾರ್ವೆ 2022ರಲ್ಲಿ, ರೂಪದರ್ಶಿಗಳ ದೇಹವನ್ನು ತಿದ್ದಿದ ಜಾಹೀರಾತುಗಳಲ್ಲಿ ಆ ಸಂಗತಿಯನ್ನು ನಮೂದಿಸಬೇಕೆಂಬ ನಿಯಮವನ್ನು ಜಾರಿಗೆ ತಂದವು. ಮನೆಯ ಚಿತ್ರಗಳಿಗೆ ಅಂಥ ಕಾನೂನಿಲ್ಲ. ಅಲ್ಲಿ ವಿವೇಕವೇ ಕಾನೂನು.

ಅದಕ್ಕೆ ಕಸುಬುದಾರರಲ್ಲಿ ಒಂದು ಸರಳ ಸೂತ್ರವಿದೆ. ಎರಡು ವಾರದಲ್ಲಿ ತಾನಾಗಿ ಮಾಯುವುದನ್ನು ಅಳಿಸಬಹುದು. ಬದುಕಿನುದ್ದಕ್ಕೂ ಜೊತೆಯಿರುವುದನ್ನು ಬಿಡಬೇಕು. ಮೊಡವೆ ಆ ದಿನದ್ದು, ಮಚ್ಚೆ ಆ ಮನುಷ್ಯನದು. ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಮಾತು ಗಾಯದ ಗುರುತಿಗೂ ಸಲ್ಲುತ್ತದೆ, ಕುಶಲ ವಿದ್ಯೆಗೂ ಸಲ್ಲುತ್ತದೆ. ಯಾವ ಕಲೆಯನ್ನು ಉಳಿಸಬೇಕೆಂಬ ಅರಿವಿಲ್ಲದವನಿಗೆ ಈ ಕಲೆ ಒಲಿಯುವುದಿಲ್ಲ.